ಗ್ಯಾಸ್ ಅಂದ್ರ ಯಾವ ಗ್ಯಾಸ್?

ಹೋದ ಸಲ ಒಲಿ ಸಾರಿಸೋದರ ಬಗ್ಗೆ ಬರದಿದ್ದೆ. ಅದನ್ನ ಓದಿ ನಮ್ಮ ವೈನಿ ಫೋನ್ ಮಾಡಿ, "ಒಲಿ ಕತಿ ಆತು, ಇನ್ನ ಗ್ಯಾಸಿನ ಕತಿ ಬರಿ" ಅಂದ್ರು. ಹೂಂ ಅಂತ ಬರೀಲಿಕ್ಕೆ ಕೂತರ ಮೊದಲನೇ ಸಾಲಿಗೇ ತೊಡಕಾತು. ಯಾವ ಗ್ಯಾಸಿನ ಕತಿ? ಸಿಲಿಂಡರಿಂದೊ, ಹೊಟ್ಟಿದೊ, ಮದವಿ ಮೆರವಣಿಗ್ಯಾಗ ತಲಿ ಮ್ಯಾಲ ಹೊತ್ತ ನಡೀತಿದ್ರಲ್ಲ, ಆ ಬತ್ತಿದೊ? ಒಂದೇ ಇಂಗ್ಲಿಷ್ ಶಬ್ದ. ನಮ್ಮ ಅಜ್ಜಿಗೆ ಅದು ಒಂದು, ಅವ್ವಗ ಇನ್ನೊಂದು, ನನ್ನ ಮಗಳಿಗೆ ಮತ್ತೊಂದು.

ಅಕ್ಕನ ಮಗಳು ಅಮೆರಿಕಾದಾಗ ಇರ್ತಾಳ. ಒಂದಿನ ಫೋನ್‍ನ್ಯಾಗ ಮಾತಾಡ್ತಾ ಮಾತಾಡ್ತಾ, "ಮಾವಶಿ, ಇಡ್ತೀನಿ, ಗ್ಯಾಸ್ ಮುಗೀಲಿಕ್ಕೆ ಬಂದದ, ಹಾಕಿಸ್ಕೊಂಡ ಮನಿಗೆ ಹೋಗ್ಬೇಕು" ಅಂದ್ಲು. ಬಾಜೂಕ ಕೂತಿದ್ದ ನಮ್ಮ ಅತ್ತಿಯವರಿಗೆ ಸಂಕಟ ಆತು. "ಅಷ್ಟ ದೊಡ್ಡ ದೇಶದಾಗ ಎರಡನೇ ಸಿಲಿಂಡರ್ ಕೊಡೂದಿಲ್ಲೇನ?" ಅಂತ ಕೇಳಿದ್ರು. ಆಕಿ ಹೇಳಿದ್ದು ಕಾರಿನ ಪೆಟ್ರೋಲ್. ಅಲ್ಲಿಯವರು ಗ್ಯಾಸೊಲೀನ್ ಅಂತಾರ, ಅದನ್ನ ಮೊಟಕ ಮಾಡಿ ಗ್ಯಾಸ್. ನೋಡಿದ್ರ ಅದು ಗ್ಯಾಸೇ ಅಲ್ಲ, ಎಣ್ಣಿ ಹಂಗ ಹರಿಯೋ ಪದಾರ್ಥ. ಆದ್ರ ನಾವು ನಗೋಹಂಗಿಲ್ಲ. ನಮ್ಮ ಸಿಲಿಂಡರ್‌ನ್ಯಾಗ ಇರೋದೂ ನೀರಿನಂಥದ್ದೇ. ತುಂಬಿದ ಸಿಲಿಂಡರ್ ಸ್ವಲ್ಪ ಅಲ್ಲಾಡಿಸಿದ್ರ ಒಳಗ ಕುಲುಕೋದು ಗೊತ್ತಾಗ್ತದ. ಒತ್ತಡ ಹಾಕಿ ನೀರ ಮಾಡಿ ತುಂಬಿರ್ತಾರ, ಹೊರಗ ಬರ್ತಿದ್ದಂಗ ಗ್ಯಾಸ್ ಆಗ್ತದ.

ಶಬ್ದ ಹುಟ್ಟಿದ್ದ ಇಂಗ್ಲಂಡದಾಗ ಅಲ್ಲ, ಈಗಿನ ಬೆಲ್ಜಿಯಂ ದೇಶದಾಗ. ಸುಮಾರು 400 ವರ್ಷದ ಹಿಂದ ಅಲ್ಲೆ ಯಾನ್ ಬಾಪ್ಟಿಸ್ಟ್ ವಾನ್ ಹೆಲ್ಮಾಂಟ್ ಅಂತ ಒಬ್ಬ ವೈದ್ಯ ಇದ್ದ. ಅವ 62 ಪೌಂಡ್ ಇದ್ದಲಿ ಸುಟ್ಟು ನೋಡಿದ. ಉಳದ ಬೂದಿ ತೂಗಿದ್ರ ಬರೇ ಒಂದ ಪೌಂಡ್. ಉಳದ 61 ಪೌಂಡ್ ಎಲ್ಲಿ ಹೋತು? ಕಣ್ಣಿಗೆ ಕಾಣೂದಿಲ್ಲ, ಪಾತೇಲಿಯೊಳಗ ಹಿಡೀಲಿಕ್ಕೆ ಬರೂದಿಲ್ಲ, ಆದ್ರ ಏನೋ ಒಂದು ಹೊರಗ ಹೋಗೇದ. ಅದಕ್ಕೊಂದು ಹೆಸರು ಬೇಕಲ್ಲ? ಗ್ರೀಕ್ ಭಾಷಾದಾಗ ಆಕಾರ ಇಲ್ಲದ್ದಕ್ಕ, ಎಲ್ಲಾ ಕಲಸಿ ಬಿದ್ದದ್ದಕ್ಕ 'ಖಾವೋಸ್' ಅಂತಾರ, ಇಂಗ್ಲಿಷಿನಾಗ ಅದೇ ಕೇಯಾಸ್ ಆಗೇದ. ಅವನ ಮನಿಮಾತಿನಾಗ 'ಗ' ಅಕ್ಷರಾನ ಗಂಟಲದಿಂದ 'ಖ' ಅಂದಂಗ ಅಂತಿದ್ರು. ಹಿಂಗ ಖಾವೋಸ್ ಅನ್ನೋದು ಗ್ಯಾಸ್ ಆತು. ಅವ ಸತ್ತ ಮ್ಯಾಲೆ ಮಗ 1648ರಾಗ ಅಪ್ಪನ ಬರವಣಿಗಿ ಎಲ್ಲಾ ಕೂಡಿಸಿ ಪುಸ್ತಕ ಮಾಡಿ ಹೊರಗ ತಂದ, ಶಬ್ದ ಊರೂರು ತಿರಗಿತು. ಅವ 'ಬ್ಲಾಸ್' ಅಂತ ಇನ್ನೊಂದ ಶಬ್ದಾನೂ ಕಟ್ಟಿದ್ದ, ಅದನ್ನ ಯಾರೂ ಕೇಳಲಿಲ್ಲ, ಹುಟ್ಟಿದಲ್ಲೇ ಸತ್ತು ಹೋತು. ಶಬ್ದಕ್ಕೂ ದೈವ ಬೇಕು ನೋಡ್ರಿ.

ನನಗ ಇದನ್ನ ಓದಿದಾಗ ಒಂದ ಮಾತು ಅನಸ್ತು. ಕಟ್ಟಿಗಿ ಹೊರೆ ಉರದು ಹಿಡಿ ಬೂದಿ ಆಗೋದನ್ನ ನಮ್ಮ ಅಜ್ಜಿ ದಿನಾ ಮುಂಜಾನೆ ನೋಡ್ತಿದ್ರು, ಆ ಬೂದೀಲೇ ಪಾತ್ರಿ ತಿಕ್ಕತಿದ್ರು. ಉಳದದ್ದು ಎಲ್ಲಿ ಹೋತು ಅಂತ ಅವರು ತೂಗಿ ನೋಡೋ ಜರೂರ ಇರಲಿಲ್ಲ. ಅವರ ಕಣ್ಣು ಮತ್ತ ಕೆಮ್ಮು ಹೇಳ್ತಿದ್ವು.

ವಾನ್ ಹೆಲ್ಮಾಂಟ್ ಇದ್ದಲಿಯೊಳಗ ಕಂಡ ಆ ಗ್ಯಾಸೇ ಗೋಲಿ ಸೋಡಾದಾಗ ಬುಸ್ ಅನ್ನೋದು. ಅದನ್ನ ನೀರಿನಾಗ ಕೂಡಿಸೋದನ್ನ ತೋರಿಸಿದಾಂವ ಜೋಸೆಫ್ ಪ್ರೀಸ್ಟ್ಲಿ ಅನ್ನೋ ಇಂಗ್ಲಿಷ್ ಪಾದ್ರಿ. ಅವನ ಮನಿ ಬಾಜೂಕ ಬೀರ್ ಮಾಡೋ ಕಾರಖಾನಿ ಇತ್ತು, ಅಲ್ಲಿ ಹುಳಿಬರೋ ಗುಡಾಣದ ಮ್ಯಾಲ ನಿಂತಿರ್ತಿದ್ದ ಗ್ಯಾಸ್ ಹಿಡದು 1767ರಾಗ ನೀರಿಗೆ ಕೂಡಿಸಿದ. ಸೋಡಾ ಬಾಟಲಿ ತಗದ ಇಟ್ರ "ಗ್ಯಾಸ್ ಹೋತು, ಇನ್ನೇನ ಕುಡಿಯೋದು" ಅಂತೀವಲ್ಲ, ಹಂಗ ಅನ್ನೋವಾಗ ಶಬ್ದ ಹುಟ್ಟಿದ್ದ ಜಾಗಾಕ್ಕ ಭಾಳ ಹತ್ರ ಇರ್ತೀವಿ.

ಆದ್ರ ಜನರ ಬಾಯಿಗೆ ಗ್ಯಾಸ್ ಬಂದದ್ದು ಬೆಳಕಿನಿಂದ. ಕಲ್ಲಿದ್ದಲಿನ್ನ ಮುಚ್ಚಿದ ಪಾತ್ರಿಯೊಳಗ ಕಾಸಿದ್ರ ಉರಿಯೋ ಗ್ಯಾಸ್ ಬರ್ತದ. ಅದನ್ನ ನಳಿಗಿಯೊಳಗ ಹರಿಸಿ ವಿಲಿಯಂ ಮರ್ಡಾಕ್ ಅನ್ನಾಂವ 1792ರಾಗ ತನ್ನ ಮನಿಗೆ ದೀಪ ಹಚ್ಚಿದ. 1807ರಾಗ ಲಂಡನ್‍ದ ಪಾಲ್ ಮಾಲ್ ಅನ್ನೋ ಬೀದಿಗೆ ಗ್ಯಾಸ್ ದೀಪ ಬಂದ್ವು, 1812ರಾಗ ಅದಕ್ಕಂತ ಕಂಪನಿನೇ ಆತು. ನಮ್ಮ ದೇಶದಾಗ 1857ರಾಗ ಕಲ್ಕತ್ತಾದ ಬೀದಿಗೆ, 1865ರಾಗ ಮುಂಬೈಗೆ. ಧಾರವಾಡ ಆಗ ಮುಂಬೈ ಇಲಾಖೆಯೊಳಗ ಇತ್ತಲ್ಲ, ಮುಂಬೈಗೆ ಹೋಗಿ ಬಂದವರು ಗ್ಯಾಸ್ ಲೈಟಿನ ಸುದ್ದಿ ತಂದಿರಬೇಕು. ಗ್ಯಾಸಿನ ನಳಿಗಿ ನಮ್ಮ ಹಳ್ಳಿಗೆ ಬರಲಿಲ್ಲ, ಶಬ್ದ ಬಂತು. ಬಂದದ್ದು ಎಲ್ಲಿಗೆ ಗೊತ್ತದ ಏನ್ರಿ? ಚಿಮಣಿ ಎಣ್ಣಿಗೆ! ನಮ್ಮ ಬೆಳಗಾವಿ ಕಡಿಯವರು, ಮರಾಠಿ ಮಂದಿ, ಸೀಮಿ ಎಣ್ಣಿಗೆ 'ಘಾಸಲೇಟ್' ಅಂತಾರಲ್ಲ, ಅದು ಗ್ಯಾಸ್ ಲೈಟ್ ಅನ್ನೋದೇ ಬಾಯಿಂದ ಬಾಯಿಗೆ ತಿರಗಿ ಆದದ್ದು. ದೀಪದ ಹೆಸರು ಎಣ್ಣಿಗೆ ಹತ್ತಿತು. ನಾನು ಸಣ್ಣಾಕಿ ಇದ್ದಾಗ ಅದು ಹುಲ್ಲಿನಿಂದ ತಗಿಯೋ ಎಣ್ಣಿ ಇರಬೇಕು ಅಂದ್ಕೊಂಡಿದ್ದೆ, 'ಘಾಸ' ಅಂದ್ರ ಹುಲ್ಲಲ್ಲ?

ಇನ್ನ ನಮ್ಮ ಅಜ್ಜಿ ಗ್ಯಾಸ್ ಅಂದ್ರ ಅದು ಗ್ಯಾಸಬತ್ತಿ. ಬ್ಯಾರೆ ಅರ್ಥನೇ ಅವರಿಗೆ ಇರಲಿಲ್ಲ. ಪೆಟ್ರೋಮ್ಯಾಕ್ಸ್ ಅಂತ ಅಂಗಡ್ಯಾಗಿನ ಹೆಸರು, ಜರ್ಮನಿಯ ಕಂಪನಿದು, ಮಾಲಕ ಮ್ಯಾಕ್ಸ್ ಗ್ರೆಟ್ಜ್ ಅನ್ನಾಂವನ ಹೆಸರಿಗೆ ಪೆಟ್ರೋಲಿಯಂ ಕೂಡಿಸಿ ಇಟ್ಟದ್ದು. ಊರಾಗ ಎಲ್ಲಾರ ಮನ್ಯಾಗೂ ಇರ್ತಿರಲಿಲ್ಲ, ಬಾಡಿಗಿಗೆ ತರ್ತಿದ್ರು. ಅದನ್ನ ಹಚ್ಚೋದು ಒಂದು ಸೋಹಳಾನೇ. ಕೆಳಗಿನ ಟಾಕಿಯೊಳಗ ಎಣ್ಣಿ ಹಾಕಿ, ಸಣ್ಣ ಬಟ್ಟಲದಾಗ ಸ್ಪಿರಿಟ್ ಉರಿಸಿ ನಳಿಗಿ ಕಾಸಿ, ಆಮ್ಯಾಲೆ ಪಂಪ್ ಹೊಡಿಯೋದು. ಒತ್ತಡಕ್ಕ ಎಣ್ಣಿ ಮ್ಯಾಲೇರಿ ಕಾದ ನಳಿಗ್ಯಾಗ ಗ್ಯಾಸ್ ಆಗಿ ಮ್ಯಾಂಟಲ್‍ನೊಳಗ ಉರೀತಿತ್ತು. ಸುಂಯ್ ಅಂತ ಸಪ್ಪಳ. ಬೆಳ್ಳಗ ಹಾಲಿನಂಥ ಬೆಳಕು. ಮ್ಯಾಂಟಲ್ ಅಂದ್ರ ಜಾಳಿಗಿ ಅರಿವಿ ಚೀಲ, ಹೊಸಾದು ಕಟ್ಟಿ ಮೊದಲ ಸಲ ಹಚ್ಚಿದಾಗ ಅರಿವಿ ಸುಟ್ಟು ಹೋಗಿ ಬೂದಿಯಂಥ ಗೂಡು ಉಳೀತಿತ್ತು. ಹುಳ ಬಡದ್ರೂ ಅದು ಉದುರತಿತ್ತು. ಹುಡುಗರನ್ನ ಹತ್ರ ಬಿಡ್ತಿರಲಿಲ್ಲ.

ಆ ಮ್ಯಾಂಟಲ್ ಕಂಡುಹಿಡದಾಂವ ಆಸ್ಟ್ರಿಯಾದ ಕಾರ್ಲ್ ಔವರ್ ಅನ್ನೋ ರಸಾಯನದ ಪಂಡಿತ, 1885ರ ಸುಮಾರಿಗೆ. ಅರಿವೀನ ಥೋರಿಯಂ ಮತ್ತ ಸೀರಿಯಂ ಅನ್ನೋ ಪದಾರ್ಥದ ನೀರಿನಾಗ ಅದ್ದಿ ಒಣಗಿಸ್ತಿದ್ರು. ಉರೀನ ಅಷ್ಟು ಬೆಳ್ಳಗ ಮಾಡೋದು ಅದೇ. ಥೋರಿಯಂ ಎಲ್ಲಿ ಸಿಗ್ತದ? 1909ರಾಗ ಷೋಂಬರ್ಗ್ ಅನ್ನೋ ಜರ್ಮನ್ ತಿರುವಾಂಕೂರಿನ ಕಡಲದಂಡಿಯ ಕರೀ ಮರಳಿನಾಗ ಕಂಡ. ಅಲ್ಲಿಂದ ಮರಳು ಹಡಗಿನಾಗ ಯುರೋಪಿಗೆ ಹೋಗಿ ದೀಪದ ಮ್ಯಾಂಟಲ್ ಆತು. ಯೋಚನಾ ಮಾಡ್ರಿ, ಕನ್ಯಾಕುಮಾರಿ ಬದಿಯ ಮರಳು ಸಮುದ್ರ ದಾಟಿ ಹೋದದ್ದು ದೀಪ ಉರಿಸಲಿಕ್ಕೆ!

ಮದವಿ ಮೆರವಣಿಗಿ, ದೊಡ್ಡಾಟ, ಜಾತ್ರಿ ನಾಟಕ, ಎಲ್ಲಾ ಗ್ಯಾಸಬತ್ತಿ ಬೆಳಕಿನಾಗೇ ಆಗ್ತಿತ್ತು. ಮೆರವಣಿಗ್ಯಾಗ ತಲಿ ಮ್ಯಾಲ ಸಿಂಬಿ ಇಟ್ಟು ಅದನ್ನ ಹೊತ್ತು ನಡಿಯೋರು ಇರ್ತಿದ್ರು, ಬಾಜಾದವರ ಎರಡೂ ಬದಿಗೆ. ಬೆಳಕು ವರಾಗ, ಬೀಗರಿಗೆ, ಜರತಾರಿ ಸೀರಿಗೆ. ಹೊತ್ತವರ ಮಾರಿ ಕತ್ತಲಾಗ. ನಮ್ಮ ಅಜ್ಜಿ ಊಟಕ್ಕ ಬಡಸೋವಾಗ ಮೊದಲ "ಗ್ಯಾಸಿನವರದು ಊಟ ಆತೇನ?" ಅಂತ ಕೇಳ್ತಿದ್ರು, ಅಷ್ಟು ನೆನಪದ. ಮತ್ತೊಂದು, ಅಡಗಿಮನಿಗೆ ಆ ದೀಪ ಯಾವತ್ತೂ ಬರ್ತಿರಲಿಲ್ಲ. ಅಂಗಳದಾಗ ಗ್ಯಾಸಬತ್ತಿ, ಒಳಗ ಐವತ್ತ ಮಂದಿ ಅಡಗಿ ಮಾಡೋರ ಮುಂದ ಚಿಮಣಿ.

ಅದೇ ಎಣ್ಣಿ ಮುಂದ ಸ್ಟೋವ್‍ನ್ಯಾಗ ಅಡಗಿಮನಿಗೆ ಬಂತು. ಪಂಪ್ ಸ್ಟೋವ್, ಬತ್ತಿ ಸ್ಟೋವ್. ಇದರ ಬಗ್ಗೆ ಬರೀಬೇಕೋ ಬ್ಯಾಡೋ ಅಂತ ಎರಡ ದಿನ ವಿಚಾರ ಮಾಡ್ದೆ. ನಾನು ಹೈಸ್ಕೂಲಿಗೆ ಹೋಗೋ ಹೊತ್ತಿನಾಗ ಪೇಪರಿನೊಳಗ "ಸ್ಟೋವ್ ಸಿಡಿದು ಗೃಹಿಣಿ ಸಾವು" ಅಂತ ಮ್ಯಾಲಿಂದ ಮ್ಯಾಲೆ ಬರ್ತಿತ್ತು. ಸ್ಟೋವ್ ಯಾಕ ಬರೇ ಸೊಸ್ತ್ಯಾರ ಮುಂದೇ ಸಿಡೀತದ, ಅತ್ತಿ, ನಾದಿನಿ, ಗಂಡನ ಮುಂದ ಯಾಕ ಸಿಡಿಯೂದಿಲ್ಲ ಅಂತ ನಮ್ಮ ಅವ್ವ ಬಾಯಿ ಬಿಟ್ಟು ಕೇಳಿದ್ದು ನೆನಪದ. ಎಲ್ಲಾವೂ ಸುಳ್ಳಲ್ಲ, ಖರೇನೂ ಸ್ಟೋವ್ ಸಿಡೀತಿದ್ವು, ನೈಲಾನ್ ಸೀರಿ ಹೊತ್ತತಿದ್ವು. ಆದ್ರ ಎಷ್ಟೋ ಕಡೆ ಸ್ಟೋವಿನ ಹೆಸರು ಮುಂದ ಮಾಡಿ ಎಣ್ಣಿ ಸುರುವಿದ ಕೈ ಮುಚ್ಚಿಟ್ರು. ದೇಶದ ತುಂಬ ಹೆಣ್ಣಮಕ್ಕಳು ಬೀದಿಗೆ ಇಳದ ಮ್ಯಾಲೆ 1983ರಾಗ 498ಎ ಅನ್ನೋ ಕಲಮು ಬಂತು, 1986ರಾಗ ವರದಕ್ಷಿಣಿ ಸಾವಿಗಂತ 304ಬಿ. ಮದವ್ಯಾದ ಏಳು ವರ್ಷದೊಳಗ ಸೊಸಿ ಸುಟ್ಟೊ, ಬ್ಯಾರೆ ಹಂಗ ಅನುಮಾನ ಬರೋಹಂಗೊ ಸತ್ರ, ಅದಕ್ಕೂ ಮೊದಲ ವರದಕ್ಷಿಣಿಗೆ ಕಾಡಿದ್ದು ತೋರಿಸಿದ್ರ, ಉತ್ತರ ಗಂಡನ ಮನಿಯವರೇ ಕೊಡಬೇಕು ಅಂತ ಕಾಯದೆ.

ಸಾವಿನ ಮಾತು ಬಂತು ಅಂತ ಇದನ್ನೂ ಹೇಳಿ ಮುಂದ ಹೋಗ್ತೀನಿ. ಗ್ಯಾಸ್ ಅನ್ನೋ ಶಬ್ದ ಹುಟ್ಟಿದ ಆ ಬೆಲ್ಜಿಯಂ ದೇಶದ ಈಪ್ರ ಅನ್ನೋ ಊರ ಬಾಜೂಕೇ 1915ರ ಏಪ್ರಿಲ್ 22ಕ್ಕ ಜರ್ಮನ್ ಸೈನ್ಯ ಗಾಳಿ ನೋಡಿ ಕ್ಲೋರಿನ್ ಬಿಡ್ತು. ಅವತ್ತಿನಿಂದ ಯುರೋಪಿನಾಗ ಗ್ಯಾಸ್ ಅಂದ್ರ ಮಂದಿ ನಡಗೋಹಂಗ ಆತು. ನಮ್ಮ ದೇಶದಾಗ ಹಂಗ ಆದದ್ದು 1984ರ ಡಿಸೆಂಬರ್ 2ರ ರಾತ್ರಿ, ಭೋಪಾಳದಾಗ. ಯೂನಿಯನ್ ಕಾರ್ಬೈಡ್ ಕಾರಖಾನಿಯಿಂದ ಸೋರಿದ್ದು ಮಿಥೈಲ್ ಐಸೋಸೈನೇಟ್, ಆದ್ರ ಆ ಹೆಸರು ಯಾರ ಬಾಯಾಗೂ ತಿರಗೂದಿಲ್ಲ. ಅಲ್ಲಿಯವರಿಗೆ ಅದು ಬರೇ ಗ್ಯಾಸ್. ಗ್ಯಾಸ್ ಕಾಂಡ, ಗ್ಯಾಸ್ ಪೀಡಿತ, ಗ್ಯಾಸ್ ರಾಹತ್. ಇವತ್ತಿಗೂ ಅಲ್ಲೆ ಒಬ್ಬಾಕಿ "ಗ್ಯಾಸಿಗಿಂತ ಮೊದಲ" ಅಂದ್ರ ಒಂದು ಕಾಲ ಅಂತ ಅರ್ಥ. ಅದರ ಸಲುವಾಗಿ ಹೋರಾಡಿದವರೊಳಗ ಹೆಣ್ಣಮಕ್ಕಳೇ ಮುಂದ. ರಶೀದಾ ಬೀ ಮತ್ತ ಚಂಪಾದೇವಿ ಶುಕ್ಲಾ ಅಂತ ಇಬ್ಬರಿಗೆ 2004ರಾಗ ಗೋಲ್ಡ್‌ಮನ್ ಅನ್ನೋ ದೊಡ್ಡ ಪ್ರಶಸ್ತಿ ಬಂತು, ಇಬ್ಬರೂ ನಮ್ಮಂಥ ಸಾದಾ ಮನಿಯವರು.

ಇಷ್ಟೆಲ್ಲಾ ಕೇಳಿದ ಮಂದಿಗೆ ಗ್ಯಾಸ್ ತಂದು ಅಡಗಿಮನ್ಯಾಗ ಇಡು ಅಂದ್ರ ಅಂಜಿಕಿ ಬರದೇ ಇರ್ತದೇನ್ರಿ? ಸಿಲಿಂಡರ್ ಗ್ಯಾಸ್ ನಮ್ಮ ದೇಶಕ್ಕ ಬಂದದ್ದು 1955ರಾಗ, ಬರ್ಮಾ ಶೆಲ್ ಕಂಪನಿಯವರು ಮುಂಬೈಯೊಳಗ ಸುರು ಮಾಡಿದ್ರು. 1965ರಾಗ ಇಂಡೇನ್ ಕಲ್ಕತ್ತಾದಾಗ ಮೊದಲನೇ ಕನೆಕ್ಷನ್ ಕೊಡ್ತು. ನಮ್ಮಂಥವರ ಮನಿಗೆ ಬರೋದು ಇನ್ನೂ ಭಾಳ ತಡಾ ಆತು. ನಮ್ಮ ಅಪ್ಪ 1979ರಾಗ ಹೆಸರು ಹಚ್ಚಿದ್ದು, ಸಿಲಿಂಡರ್ ಬಂದದ್ದು 1984ಕ್ಕ. ಐದು ವರ್ಷ! ಆಗ ಎಂ.ಪಿ.ಗಳ ಹತ್ರ ಗ್ಯಾಸ್ ಕನೆಕ್ಷನ್ನಿನ ಕೂಪನ್ ಇರ್ತಿದ್ವು, ಯಾರ ಪರಿಚಯ ಇತ್ತೊ ಅವರಿಗೆ ಲಗೂನ ಸಿಗ್ತಿತ್ತು. ನಮ್ಮ ಅಪ್ಪ ಶಾಲಿ ಮಾಸ್ತರು, ನಮಗ ಯಾರ ಪರಿಚಯ?

ಬಂದ ದಿನ ಅವ್ವ ಸಿಲಿಂಡರಿಗೆ ಅರಿಷಿಣ ಕುಂಕುಮ ಹಚ್ಚಿದ್ರು. ಓಣಿಯೊಳಗಿನ ಹೆಣ್ಣಮಕ್ಕಳೆಲ್ಲಾ ನೋಡ್ಲಿಕ್ಕೆ ಬಂದಿದ್ರು. ಮೊದಲನೇ ವಾರ ಅವ್ವ ಕಡ್ಡಿ ಗೀರಿ, ಮಾರಿ ಆಕಡೆ ತಿರುವಿ, ಕಣ್ಣು ಮುಚ್ಚಿ ಹಚ್ಚತಿದ್ರು. ಒಂದ ತಿಂಗಳಿಗೆ ಪೂರ್ತಿ ಪಳಗಿದ್ರು. ಸಿಲಿಂಡರ್ ಮುಗಿಯೋ ಮೊದಲೇ ಉರಿ ಬಣ್ಣ ನೋಡಿ ಹೇಳ್ತಿದ್ರು. ಆಮ್ಯಾಲೆ ನಾನು ಗಮನಿಸಿದ್ದು, ಅವ್ವ ಸಂಜಿ ಮುಂದ ಕಟ್ಟಿ ಮ್ಯಾಲ ಕೂಡ್ಲಿಕ್ಕೆ ಸುರು ಮಾಡಿದ್ರು. ಅದಕ್ಕೂ ಮೊದಲ ಅವರು ಕೂತದ್ದ ನಾನು ನೋಡಿರಲಿಲ್ಲ. ಕಟ್ಟಿಗಿ ಒಡಿಯೋದಿಲ್ಲ, ಕುಳ್ಳು ತಟ್ಟೋದಿಲ್ಲ, ಮಸಿ ಪಾತ್ರಿ ತಿಕ್ಕೋದಿಲ್ಲ, ಅಷ್ಟು ಹೊತ್ತು ಕೈಗೆ ಸಿಕ್ಕಿತ್ತು.

ಆದ್ರ ಪಾಸಬುಕ್ಕಿನ ಮ್ಯಾಲ ಹೆಸರು ಅಪ್ಪಂದು. ಅಪ್ಪ ತೀರಿಕೊಂಡಾಗ ಅವ್ವ ಏಜೆನ್ಸಿಗೆ ಎಷ್ಟ ಸಲ ಅಡ್ಡಾಡಿದ್ರು ಲೆಕ್ಕ ಇಲ್ಲ. ಸಾವಿನ ದಾಖಲೆ ತರ್ರಿ, ವಾರಸಾ ತರ್ರಿ, ಮಗನ ಸಹಿ ತರ್ರಿ. ಒಂದಿನ ಕೌಂಟರಿನಾಗಿದ್ದಾಂವ "ಗ್ಯಾಸ್ ಯಾರದು?" ಅಂದ. ಅವ್ವ, "ಹಚ್ಚೋದು ಮೂವತ್ತ ವರ್ಷದಿಂದ ನಾನೇ, ಯಾರದಂತ ನೀವೇ ಹೇಳ್ರಿ" ಅಂದ್ರಂತ. ಆ ಮಾತಿಗೆ ಅಲ್ಲೆ ಸಾಲಿನಾಗ ನಿಂತವರೆಲ್ಲಾ ನಕ್ಕರು, ಆದ್ರ ಕೆಲಸ ಆಗಲಿಕ್ಕೆ ಮತ್ತ ಎರಡ ತಿಂಗಳು ಹಿಡೀತು. 2016ರ ಮೇ ಒಂದಕ್ಕ ಉಜ್ವಲಾ ಅಂತ ಯೋಜನಾ ಬಂದಾಗ ಬಡ ಮನಿಯ ಹೆಣ್ಣಮಕ್ಕಳ ಹೆಸರಿಗೇ ಕನೆಕ್ಷನ್ ಕೊಟ್ರು. 8 ಕೋಟಿ ಗುರಿ 2019ರಾಗ ಮುಟ್ಟಿತು. ನಮ್ಮ ರಾಜ್ಯದಾಗೂ 'ಅನಿಲ ಭಾಗ್ಯ' ಅಂತ ಬಂತು. ಸರಕಾರದ ಕಾಗದದಾಗ ಮಾತ್ರ ಅದು ಅನಿಲ, ಬಾಯಾಗ ಗ್ಯಾಸ್. ನಾನು ಇಷ್ಟ ವರ್ಷದಾಗ "ಅನಿಲ ಮುಗದದ" ಅಂದವರನ್ನ ಕೇಳಿಲ್ಲ. ಹಂಗ ಅಂದ್ರ ನಮ್ಮ ಓಣ್ಯಾಗಿನ ಅನಿಲನ ಅವ್ವ ಹೊಡೀಲಿಕ್ಕೆ ಬರ್ತಾರ.

ಹೆಸರಿಗೆ ಕೊಟ್ರು, ಖರೆ, ಆದ್ರ ತುಂಬಿಸಲಿಕ್ಕೆ ರೊಕ್ಕ ಬೇಕಲ್ಲ? ನಮ್ಮ ತವರೂರಿಗೆ ಹೋದ್ರ ಎಷ್ಟೋ ಮನ್ಯಾಗ ಚಹಾಕ್ಕ, ಬೀಗರು ಬಂದಾಗ ಗ್ಯಾಸ್, ದಿನದ ರೊಟ್ಟಿ ಒಲಿ ಮ್ಯಾಲೇ. ರೊಟ್ಟಿ ರುಚಿ ಒಲೀದೇ ಅಂತಾರ, ಅದು ಖರೇನೂ ಹೌದು. ಆದ್ರ ಆ ರುಚಿಯ ಲೆಕ್ಕ ಬ್ಯಾರೆ ಕಡೆ ಬರದಿರ್ತದ. ಅಡಗಿಮನಿ ಹೊಗೀಲೇ ಜಗತ್ತಿನಾಗ 2020ರ ಒಂದೇ ವರ್ಷದಾಗ ಸುಮಾರು 32 ಲಕ್ಷ ಮಂದಿ ಸತ್ತಾರ ಅಂತ ವಿಶ್ವ ಆರೋಗ್ಯ ಸಂಸ್ಥೆಯವರು ಹೇಳ್ಯಾರ. ನಮ್ಮ ಅಜ್ಜಿ ಕೊನೀ ಮೂರ ವರ್ಷ ಮಲಗಿ ನಿದ್ದಿ ಮಾಡಲಿಲ್ಲ, ಕೂತೇ ಉಸರಾಡ್ತಿದ್ರು. ಬೀಡಿ ಸೇದಿದವರಲ್ಲ.

ಅಂಜಿಕಿ ಅಂದೆನಲ್ಲ, ಅದಕ್ಕ ಎರಡ ಮಾತು, ಹೊಸದಾಗಿ ಸಂಸಾರ ಹೂಡಿದ ಹುಡುಗ್ಯಾರಿಗೆ. ಈ ಗ್ಯಾಸಿಗೆ ತಂದು ಅಂತ ವಾಸನಿ ಇಲ್ಲ. ಸೋರಿದ್ರ ಗೊತ್ತಾಗಲಿ ಅಂತ ಕೊಳತ ಉಳ್ಳಾಗಡ್ಡಿಯಂಥ ನಾತ ಬೇಕಂತಲೇ ಕೂಡಿಸಿರ್ತಾರ. ಇದು ಗಾಳಿಗಿಂತ ಭಾರ, ನೆಲಕ್ಕ ಹಾಸಿಕೊಂಡು ನಿಲ್ತದ. ಅದಕ್ಕ ವಾಸನಿ ಬಂದ ಕೂಡ್ಲೇ ಸ್ವಿಚ್ ಮುಟ್ಟಬ್ಯಾಡ್ರಿ, ಲೈಟ್ ಹಚ್ಚಲೂಬ್ಯಾಡ್ರಿ, ಆರಿಸಲೂಬ್ಯಾಡ್ರಿ. ರೆಗ್ಯುಲೇಟರ್ ಬಂದ್ ಮಾಡಿ, ಬಾಗಲಾ ಕಿಡಕಿ ತಗದು ಹೊರಗ ಬರ್ರಿ, 1906ಕ್ಕ ಫೋನ್ ಮಾಡ್ರಿ. ಗ್ಯಾಸ್ 14.2 ಕಿಲೋ, ಖಾಲಿ ಸಿಲಿಂಡರಿನ ತೂಕ ಅದರ ಮ್ಯಾಲೇ ಬರದಿರ್ತದ, ಎರಡೂ ಕೂಡಿಸಿ ತೂಗಿ ತಗೋರಿ. ಹುಡುಗ ಮಾರಿ ಸಿಂಡರಿಸಿದ್ರ ಸಿಂಡರಿಸಲಿ.

ಮಾತಿನೊಳಗಿನ ಗ್ಯಾಸ್ ಬ್ಯಾರೇನೇ. "ಸಾಕ ಬಿಡೊ ಗ್ಯಾಸ್" ಅಂತ ನನ್ನ ಮಗ ಗೆಳ್ಯಾರಿಗೆ ಅಂತಿರ್ತಾನ, ಸುಳ್ಳ ಬಡಾಯಿ ಅಂತ ಅರ್ಥ. ಇಂಗ್ಲಿಷಿನಾಗೂ ಒಂದೇ ಸವನ ಮಾತಾಡವರಿಗೆ ಗ್ಯಾಸಿನ ಚೀಲ ಅಂತಾರಂತ.

ಇನ್ನ ಹೊಟ್ಟಿಗೆ ಬರ್ತೀನಿ. ನಮ್ಮ ಹಿರ್ಯಾರು ವಾಯು ಅಂತಿದ್ರು, ವಾತ ಅಂತಿದ್ರು, ಈಗ ಎಲ್ಲಾರದೂ ಗ್ಯಾಸ್. ಸ್ವಲ್ಪ ಸುಧಾರಿಸಿದವರು "ಗ್ಯಾಸ್ಟ್ರಿಕ್ ಆಗೇದ" ಅಂತಾರ. ಮಜಾ ಏನಂದ್ರ ಗ್ಯಾಸಿಗೂ ಗ್ಯಾಸ್ಟ್ರಿಕ್ಕಿಗೂ ಸಂಬಂಧನೇ ಇಲ್ಲ! ಗ್ರೀಕಿನಾಗ ಹೊಟ್ಟಿಗೆ 'ಗಾಸ್ಟೆರ್' ಅಂತಾರ, ಅದರಿಂದ ಗ್ಯಾಸ್ಟ್ರಿಕ್, ಹೊಟ್ಟಿಗೆ ಸಂಬಂಧಪಟ್ಟದ್ದು ಅಂತ ಅಷ್ಟ ಅರ್ಥ. ಗ್ಯಾಸ್ ಹುಟ್ಟೋಕಿಂತ ಎರಡ ಸಾವಿರ ವರ್ಷ ಹಳೇ ಶಬ್ದ. ಅಂದ್ರ "ನನಗ ಗ್ಯಾಸ್ಟ್ರಿಕ್ ಅದ" ಅಂದ್ರ ನನಗ ಹೊಟ್ಟಿ ಅದ ಅಂದಂಗ. ಕೇಳಲಿಕ್ಕೆ ಒಂದೇಥರ ಇದ್ದದ್ದಕ್ಕ ನಾವು ಎರಡನ್ನೂ ಕೂಡಿಸಿ ಬಿಟ್ವಿ. ಹೊಟ್ಟಿ ಉಬ್ಬಿದ್ರೂ ಗ್ಯಾಸ್, ಹುಳಿತೇಗು ಬಂದ್ರೂ ಗ್ಯಾಸ್, ಬೆನ್ನು ಹಿಡದ್ರ ಗ್ಯಾಸ್, ಎದಿ ನೋಯಿಸಿದ್ರೂ ಗ್ಯಾಸ್.

ನಮ್ಮ ಕಾಕೂಗ ಒಂದ ಸಂಜಿ ಎರಡೂ ರೆಕ್ಕಿ ನಡುವ ಬೆನ್ನಾಗ ನೋವು ಸುರು ಆತು. ಆಮ್ಯಾಲೆ ದವಡಿಗೆ ಬಂತು. ಮೈಯೆಲ್ಲಾ ಬೆವರು, ವಾಂತಿ ಬಂದಂಗ. ಮನ್ಯಾಗ ಎಲ್ಲಾರೂ, "ಮಧ್ಯಾಹ್ನ ಬದನಿಕಾಯಿ ಎಣಗಾಯಿ ಜಾಸ್ತಿ ಉಂಡೀರಿ, ಗ್ಯಾಸ್ ಆಗೇದ" ಅಂದ್ರು. ಅಜವಾನ ಉಪ್ಪು ಕೊಟ್ರು, ಸೋಡಾ ತಂದ ಕುಡಿಸಿದ್ರು. ಕಾಕು, "ಇದು ದಿನದ ಗ್ಯಾಸ್ ಅಲ್ಲ" ಅಂದ್ರಂತ, ಒಂದ ಸಲ ಅಲ್ಲ, ಮೂರ ಸಲ. ಓಣ್ಯಾಗಿನ ಡಾಕ್ಟರ್ ಹತ್ರ ಹೋದ್ರು. ಅವರೂ ಹೊಟ್ಟಿ ಒತ್ತಿ ನೋಡಿ, ಇಂಜೆಕ್ಷನ್ ಮಾಡಿ, ಗ್ಯಾಸಿನ ಗುಳಗಿ ಕೊಟ್ಟು ಕಳಿಸಿದ್ರು. ಇ.ಸಿ.ಜಿ. ತಗಸಲಿಲ್ಲ. ಗಂಡಸರು ಯಾರರೆ ಎದಿ ಹಿಡಕೊಂಡು ಬೆವತ್ರ ಕಾರ್ ತರಸ್ತಾರ, ಹೆಣ್ಣಮಕ್ಕಳಿಗೆ ಅಜವಾನ. ನಮ್ಮ ದೇಹದಾಗ ಹಾರ್ಟ್ ಅಟ್ಯಾಕ್ ಎದಿನೋವಿನ ಸಂಗಡ ಬೆನ್ನು, ದವಡಿ, ವಾಂತಿ, ಸುಸ್ತು ಹಿಂಗೂ ಬರ್ತದ, ಗಂಡಸರಿಗಿಂತ ನಮಗ ಹಂಗ ಬರೋದು ಹೆಚ್ಚು. ರಾತ್ರಿ ಎಲ್ಲಾ ಕಾಕು ಗೋಡಿಗೆ ಆತು ಕೂತಿದ್ರು. ಮನಿಯವರ ನಿದ್ದಿ ಕೆಡಬಾರದಂತ ನರಳಲೂ ಇಲ್ಲ.

ಇದು ನಡದ ಕೆಲವೇ ದಿನಕ್ಕ ನನ್ನ ಮಗಳು 'ಗ್ಯಾಸ್‌ಲೈಟಿಂಗ್' ಅನ್ನೋ ಶಬ್ದ ಹೇಳಿದ್ಲು. ಗ್ಯಾಸಬತ್ತಿ ಹಚ್ಚೋದೇನ ಅಂತ ಕೇಳ್ದೆ. ಅಲ್ಲಂತ. ಪ್ಯಾಟ್ರಿಕ್ ಹ್ಯಾಮಿಲ್ಟನ್ ಅನ್ನೋ ಇಂಗ್ಲಿಷ್ ಲೇಖಕ 1938ರಾಗ 'ಗ್ಯಾಸ್ ಲೈಟ್' ಅಂತ ನಾಟಕ ಬರದ. 1944ರಾಗ ಸಿನಿಮಾ ಆತು, ಅದರಾಗಿನ ಪಾತ್ರಕ್ಕ ಇಂಗ್ರಿಡ್ ಬರ್ಗ್‌ಮನ್‌ಗೆ ಆಸ್ಕರ್ ಬಂತು. ಹಳೇ ಲಂಡನ್, ಮನಿಯೊಳಗ ಗ್ಯಾಸ್ ದೀಪ. ಗಂಡ ದಿನಾ ರಾತ್ರಿ ಹೊರಗ ಹೋಗ್ತೀನಂತ ಹೇಳಿ, ಕದ್ದು ಮ್ಯಾಲಿನ ಅಂತಸ್ತಿಗೆ ಹೋಗಿ ದೀಪ ಹಚ್ಚಿ ಯಾರದೋ ಒಡವಿ ಹುಡುಕ್ತಿರ್ತಾನ. ಒಂದೇ ನಳಿಗಿ ಗ್ಯಾಸಲ್ಲ? ಮ್ಯಾಲೆ ಹಚ್ಚಿದ್ರ ಕೆಳಗ ಹೆಂಡ್ತಿ ಕೋಣಿ ದೀಪ ಸಣ್ಣ ಆಗ್ತದ. ಆಕಿ ಕಣ್ಣಾರೆ ನೋಡ್ತಾಳ. ಅವನೋ ಸಾಮಾನ ತಾನೇ ಮುಚ್ಚಿಟ್ಟು ನೀನೇ ಕಳದಿ ಅಂತಾನ, ನಿನ್ನ ತಲಿ ಸರಿ ಇಲ್ಲ ಅಂತಾನ. ಕೇಳಿ ಕೇಳಿ ಆಕಿಗೂ ತನ್ನ ಕಣ್ಣಿನ ಮ್ಯಾಲ ನಂಬಿಕಿ ಹೋಗ್ತದ. ಆ ನಾಟಕದ ಹೆಸರೇ ಈಗ ಶಬ್ದ ಆಗೇದ, ಅಮೆರಿಕಾದ ಮೆರಿಯಮ್ ವೆಬ್‌ಸ್ಟರ್ ನಿಘಂಟಿನವರು 2022ಕ್ಕ ಅದನ್ನೇ ವರ್ಷದ ಶಬ್ದ ಅಂದ್ರು. ನಮ್ಮ ಘಾಸಲೇಟ್, ಅವರ ಗ್ಯಾಸ್‌ಲೈಟಿಂಗ್, ಎರಡೂ ಒಂದೇ ದೀಪದಿಂದ ಬಂದದ್ದು.

ಕಾಕೂಗ ಅವತ್ತ ಯಾರೂ ಬೇಕಂತ ಮೋಸ ಮಾಡಲಿಲ್ಲ, ಎಲ್ಲಾರೂ ಮಾಯೆಯಿಂದಲೇ ಹೇಳಿದ್ದು. ಆದ್ರ ನಾಟಕದಾಗ ಒಂದ ಜಾಗಾ ಅದ, ಒಬ್ಬ ಪೊಲೀಸ್ ಅಧಿಕಾರಿ ಮನಿಗೆ ಬಂದಿರ್ತಾನ, ಅವನ ಮುಂದೇ ದೀಪ ಸಣ್ಣ ಆಗ್ತದ, ಅವನೂ ಅದನ್ನ ನೋಡ್ತಾನ. ಮಗಳು ಅದನ್ನ ಹೇಳೋವಾಗ ನನಗ ಆ ಮುಂಜಾನೆದು ನೆನಪಾತು. ಮರುದಿನ ಎಂಟಕ್ಕ ಕಾಕೂನ್ನ ದೊಡ್ಡ ದವಾಖಾನಿಗೆ ಒಯ್ದಿದ್ರು, ಸುದ್ದಿ ತಿಳದು ನಾನೂ ಹೋಗಿ ಮುಟ್ಟಿದ್ದೆ. ಇಪ್ಪತ್ತೆರಡ ವರ್ಷದ ನರ್ಸ್ ಹುಡುಗಿ ಇ.ಸಿ.ಜಿ. ತಗದ್ಲು. ಕಾಗದ ನೋಡಿ ಓಡಿ ಹೋಗಿ ಡಾಕ್ಟರಿಗೆ ತೋರಿಸಿ ಬಂದು, ಕಾಕು ಕೈ ಹಿಡದು, "ಅಜ್ಜಿ, ಇದು ಗ್ಯಾಸ್ ಅಲ್ಲ, ನೀವು ಹೇಳಿದ್ದ ಖರೆ ಅದ" ಅಂದ್ಲು. ಸ್ಟೆಂಟ್ ಹಾಕಿದ್ರು, ಕಾಕು ಉಳದ್ರು. ತಡಾ ಆದದ್ದಕ್ಕ ಹೃದಯದ ಶಕ್ತಿ ಅರ್ಧಾ ಹೋಗೇದ, ನೂರ ಹೋಳಿಗಿ ಒಂದೇ ಕೂಡಿಗೆ ಲಟ್ಟಿಸ್ತಿದ್ದಾಕಿ ಈಗ ಅಟ್ಟದ ಮೆಟ್ಟಲ ಹತ್ತೂದಿಲ್ಲ. ಆ ರಾತ್ರಿದು ಅರ್ಧಕ್ಕರ್ಧ ಅವರಿಗೆ ಮರತದ. ಆ ಹುಡುಗಿ ಹೆಸರು ಮಾತ್ರ ಮರತಿಲ್ಲ, ಪಂಚಮಿಗೆ ಉಂಡಿ ಕಟ್ಟಿದ್ರ ಆಕೀದು ಒಂದ ಡಬ್ಬಿ ಬ್ಯಾರೆ ತಗದ ಇಡ್ತಾರ.